ಬಲ, ಸಂವೇಗ, ಶಕ್ತಿ: ಒಂದು ಮಳೆಗಾಲ ಕಳೆದ ಪ್ರಯೋಗ ಪೆಟ್ಟಿಗೆಯ ವಿಮರ್ಶೆ

ಒಂಬತ್ತನೆಯ ತರಗತಿಯ ಬಲ ಮತ್ತು ಚಲನೆಯ ಪಾಠಗಳಿಗೆಂದು ಕಳೆದ ಮೇ ತಿಂಗಳಲ್ಲಿ ತರಿಸಿಕೊಂಡ ಪ್ರಯೋಗ ಪೆಟ್ಟಿಗೆಯನ್ನು ಕುಮಟಾದ ನಮ್ಮ ಮನೆಯ ಜಗುಲಿಯಲ್ಲಿ ಆರು ತಿಂಗಳು ಬಳಸಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಸಂಜೆ ಪಾಠಕ್ಕೆ ಬರುವ ಏಳೆಂಟು ಮಕ್ಕಳು ಅದನ್ನು ಸ್ವಂತ ಕೈಯಿಂದ ಜೋಡಿಸಿ, ಬಿಚ್ಚಿ, ಮತ್ತೆ ಜೋಡಿಸಿದ್ದಾರೆ. ಬೆಲೆ 2,850 ರೂಪಾಯಿ. ಒಳಗೆ 120 ಸೆಂಟಿಮೀಟರ್ ಉದ್ದದ ಅಲ್ಯೂಮಿನಿಯಂ ಹಳಿ, ತಲಾ 250 ಗ್ರಾಂ ತೂಗುವ ಎರಡು ಗಾಡಿಗಳು, ರಾಟೆ, ನೂಲು, ತೂಕದ ಬಿಲ್ಲೆಗಳು, ಸ್ಪ್ರಿಂಗ್ ತಕ್ಕಡಿ, ಒಂದು ಉಕ್ಕಿನ ಗುಂಡು ಮತ್ತು ಒಂದು ಕನ್ನಡ ಕೈಪಿಡಿ ಇವೆ. ಸಾಮಗ್ರಿ ನನ್ನ ನಿರೀಕ್ಷೆಗಿಂತ ಚೆನ್ನಾಗಿದೆ. ಕೈಪಿಡಿ ಮಾತ್ರ ಆ ಸಾಮಗ್ರಿಗೆ ತಕ್ಕುದಾಗಿಲ್ಲ.

ಪೆಟ್ಟಿಗೆಯ ನಿಜವಾದ ಬೆಲೆ ತಿಳಿಯುವುದು ಡಿಕ್ಕಿಯ ಪ್ರಯೋಗದಲ್ಲಿ. ಎರಡು ಗಾಡಿಗಳ ಮೂತಿಗೂ ವೆಲ್‌ಕ್ರೋ ಪಟ್ಟಿ ಇರುವುದರಿಂದ, ಓಡಿ ಬಂದ ಗಾಡಿ ನಿಂತ ಗಾಡಿಗೆ ಬಡಿದ ಕೂಡಲೇ ಎರಡೂ ಅಂಟಿಕೊಂಡು ಒಂದಾಗಿ ಸಾಗುತ್ತವೆ. ಹಳಿಯ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ಮೊಬೈಲಿನ ನಿಧಾನಗತಿಯ ವಿಡಿಯೋದಲ್ಲಿ ನೋಡಿದಾಗ, ಮೊದಲ ಗಾಡಿಯ ವೇಗ ಸೆಕೆಂಡಿಗೆ 60 ಸೆಂಟಿಮೀಟರ್, ಅಂಟಿದ ಜೋಡಿಯ ವೇಗ 29 ಸೆಂಟಿಮೀಟರ್ ಬಂತು. ಸಂವೇಗ, ಅಂದರೆ ದ್ರವ್ಯರಾಶಿ ಮತ್ತು ವೇಗದ ಗುಣಲಬ್ಧ, 0.150ರಿಂದ 0.145 ಕಿಲೋಗ್ರಾಂ-ಮೀಟರ್ ಪ್ರತಿ ಸೆಕೆಂಡಿಗೆ ಇಳಿದಿತ್ತು. ಹಳಿಯ ಘರ್ಷಣೆಯನ್ನು ನೆನೆದರೆ ಅದು ಉಳಿದಂತೆಯೇ ಲೆಕ್ಕ. ಚಲನಶಕ್ತಿಯಾದರೋ (ದ್ರವ್ಯರಾಶಿಯನ್ನು ವೇಗದ ವರ್ಗದಿಂದ ಗುಣಿಸಿದ್ದರ ಅರ್ಧ) 0.045 ಜೂಲ್‌ನಿಂದ 0.021ಕ್ಕೆ ಬಿದ್ದಿತ್ತು. ಅರ್ಧಕ್ಕಿಂತ ಹೆಚ್ಚು ಎಲ್ಲಿ ಹೋಯಿತೆಂದು ಮಕ್ಕಳು ತಾವಾಗಿಯೇ ಕೇಳಿದರು. ವೆಲ್‌ಕ್ರೋದ ಎಳೆಗಳು ಬಾಗಿದ್ದು, ‘ಟಪ್’ ಎಂಬ ಸದ್ದು, ಕೈಗೆ ತಿಳಿಯದಷ್ಟು ಅಲ್ಪ ಬಿಸಿ ಇವೇ ಅದರ ಉತ್ತರ. ಕಪ್ಪುಹಲಗೆಯ ಮೇಲೆ ಹತ್ತು ಸಲ ಬರೆದರೂ ಈ ವ್ಯತ್ಯಾಸ ಇಷ್ಟು ಸ್ಪಷ್ಟವಾಗಿ ಮನಸ್ಸಿಗೆ ಇಳಿದದ್ದನ್ನು ನಾನು ಕಂಡಿಲ್ಲ.

ಉಕ್ಕಿನ ಗುಂಡಿನ ಪ್ರಯೋಗಕ್ಕೆ ಪೆಟ್ಟಿಗೆಯಲ್ಲಿದ್ದ ಮೇಣದ ಮುದ್ದೆ ತೀರ ಗಟ್ಟಿ. ಚೌತಿಗೆ ಗಣಪತಿ ಮಾಡುವವರ ಮನೆಯಿಂದ ಹದವಾದ ಜೇಡಿಮಣ್ಣು ತಂದು ಬಟ್ಟಲಿಗೆ ತುಂಬಿದೆವು. 25 ಸೆಂಟಿಮೀಟರ್ ಎತ್ತರದಿಂದ ಬಿಟ್ಟ ಗುಂಡು ಸೆಕೆಂಡಿಗೆ ಸುಮಾರು 2.2 ಮೀಟರ್ ವೇಗದಲ್ಲಿ, ಒಂದು ಮೀಟರಿನಿಂದ ಬಿಟ್ಟದ್ದು ಅದರ ಎರಡರಷ್ಟು ವೇಗದಲ್ಲಿ ಮಣ್ಣಿಗೆ ತಾಗುತ್ತದೆ. ಸಂವೇಗ ಇಮ್ಮಡಿಯಾಯಿತು, ಆದರೆ ಗುಳಿಯ ಆಳ ಮೂರೂವರೆ ಪಟ್ಟಿಗಿಂತ ಹೆಚ್ಚಾಯಿತು. ಇದೇ ಬಗೆಯಲ್ಲಿ ಹಿತ್ತಾಳೆಯ ಗುಂಡುಗಳನ್ನು ಮಣ್ಣಿಗೆ ಬೀಳಿಸಿದವರು 1720ರ ದಶಕದ ಡಚ್ ವಿಜ್ಞಾನಿ ಗ್ರಾವೆಸಾಂಡೆ. ಅದನ್ನು ಆಧಾರವಾಗಿಟ್ಟುಕೊಂಡು ಫ್ರಾನ್ಸಿನ ಎಮಿಲಿ ದ್ಯು ಶಾತಲೆ 1740ರಲ್ಲಿ ಚಲಿಸುವ ವಸ್ತುವಿನ ಶಕ್ತಿ ವೇಗಕ್ಕಲ್ಲ, ವೇಗದ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತದೆ ಎಂದು ವಾದಿಸಿದರು. ಇಷ್ಟೇ ಬಲದಿಂದ ತಡೆದರೆ ವಸ್ತು ನಿಲ್ಲಲು ಎಷ್ಟು ಹೊತ್ತು ಬೇಕೆಂಬುದನ್ನು ಸಂವೇಗ ಹೇಳುತ್ತದೆ, ಎಷ್ಟು ದೂರ ಬೇಕೆಂಬುದನ್ನು ಚಲನಶಕ್ತಿ ಹೇಳುತ್ತದೆ ಎಂದು ವಿವರಿಸಲು ಆ ಬಟ್ಟಲು ಮಣ್ಣೇ ಸಾಕಾಯಿತು. ಕೈಪಿಡಿಯಲ್ಲಿ ಈ ಮಾತು ಒಂದು ಸಾಲಿನಲ್ಲಿಯೂ ಇಲ್ಲ. ನಿಲ್ಲುವ ಹೊತ್ತಿಗೂ ಬಲಕ್ಕೂ ಇರುವ ನಂಟಿಗೆ ಕ್ರಿಕೆಟ್ ಚೆಂಡು ಹಿಡಿಯುವ ಉದಾಹರಣೆ ಇದೆ. ಅದರ ಬದಲು ತದಡಿ ಬಂದರಿನಲ್ಲಿ ದೋಣಿ ದಕ್ಕೆಗೆ ತಾಗುವಾಗ ನಡುವೆ ಅಮುಕಿಕೊಳ್ಳುವ ಹಳೆಯ ಟೈರುಗಳನ್ನು ನಾನು ನೆನಪಿಸಿದೆ. ದೋಣಿಯ ಸಂವೇಗ ಸೊನ್ನೆಯಾಗಲೇಬೇಕು, ಟೈರು ಅದಕ್ಕೆ ಬೇಕಾದ ಹೊತ್ತನ್ನು ಹಿಗ್ಗಿಸಿ ಬಲವನ್ನು ಕುಗ್ಗಿಸುತ್ತದೆ.

ಕೈಪಿಡಿಯ ದೊಡ್ಡ ದೋಷ ಭಾಷೆಯದು. ಒಂದು ಪುಟದಲ್ಲಿ ‘ಗಾಡಿಯ ಮೇಲೆ ಶಕ್ತಿ ಹಾಕಿದಾಗ’ ಎಂದೂ ಮುಂದೆ ‘ಸ್ಪ್ರಿಂಗಿನಲ್ಲಿ ಶಕ್ತಿ ಶೇಖರವಾಗಿದೆ’ ಎಂದೂ ಬರೆದಿದ್ದಾರೆ. ಆಡುಮಾತಿನಲ್ಲಿ ‘ಶಕ್ತಿ ಹಾಕಿ ತಳ್ಳು’ ಎನ್ನುವುದು ಸಹಜವೇ. ಆದರೆ ನ್ಯೂಟನ್‌ನಲ್ಲಿ ಅಳೆಯುವ ಬಲ ಬೇರೆ, ಜೂಲ್‌ನಲ್ಲಿ ಅಳೆಯುವ ಶಕ್ತಿ ಬೇರೆ ಎಂದು ಕಲಿಸಬೇಕಾದ ಪುಸ್ತಕವೇ ಎರಡನ್ನೂ ಒಂದೇ ಪದದಲ್ಲಿ ಕಟ್ಟಿದರೆ ಮಗು ಏನು ಮಾಡಬೇಕು? ‘ಅಕ್ಕೋರೇ, ಗೋಡೆಯನ್ನು ಹತ್ತು ನಿಮಿಷ ತಳ್ಳಿದೆ, ನನ್ನ ಶಕ್ತಿ ಗೋಡೆಗೆ ಹೋಯಿತಾ?’ ಎಂದು ಒಬ್ಬ ಹುಡುಗ ಕೇಳಿದ. ಗೋಡೆ ಕದಲಲಿಲ್ಲವಾದ್ದರಿಂದ ಅದರ ಮೇಲೆ ಕೆಲಸವೇ ನಡೆದಿಲ್ಲ, ಬಲ ಮಾತ್ರ ಇತ್ತು, ದಣಿವು ಸ್ನಾಯುಗಳ ಒಳಗಿನ ವ್ಯವಹಾರ ಎಂದು ಬಿಡಿಸಿ ಹೇಳಲು ಒಂದು ಸಂಜೆ ಬೇಕಾಯಿತು.

ರಾಟೆಯ ಪ್ರಯೋಗದಲ್ಲಿ ಲೆಕ್ಕದ ತಪ್ಪೂ ಇದೆ. ನೂಲಿಗೆ 25 ಗ್ರಾಂ ತೂಗುಬಿಟ್ಟಾಗ ಗಾಡಿಯ ವೇಗೋತ್ಕರ್ಷ (ವೇಗ ಹೆಚ್ಚುವ ದರ) 0.98 ಎಂದು ಕೊಟ್ಟಿದ್ದಾರೆ. ಕೆಳಗಿಳಿಯುವ ಬಿಲ್ಲೆಯೂ ಗಾಡಿಯ ಜೊತೆ ಚಲಿಸುವುದರಿಂದ ಒಟ್ಟು ದ್ರವ್ಯರಾಶಿ 275 ಗ್ರಾಂ ಆಗಿ, ಸರಿಯಾದ ಉತ್ತರ ಘರ್ಷಣೆಯಿಲ್ಲದೆ ಸುಮಾರು 0.89 ಮೀಟರ್ ಪ್ರತಿ ಸೆಕೆಂಡ್ ವರ್ಗ.

ಕರಾವಳಿಯವರು ಗಮನಿಸಬೇಕಾದ ಸಂಗತಿಯೆಂದರೆ, ಜುಲೈ ಹೊತ್ತಿಗೆ ಗಾಡಿಯ ಅಚ್ಚುಗಳಿಗೆ ತುಕ್ಕು ಹಿಡಿದು ಚಕ್ರಗಳು ಕಿರುಗುಟ್ಟಿದವು. ಹೊಲಿಗೆ ಯಂತ್ರದ ಎಣ್ಣೆ ಒಂದೊಂದು ಹನಿ ಹಾಕಿದರೆ ಸರಿಹೋಗುತ್ತದೆ. ತೆಂಗಿನೆಣ್ಣೆ ಬೇಡ, ಅದು ದಿನಗಳೆದಂತೆ ಜಿಡ್ಡುಗಟ್ಟುತ್ತದೆ. ದೂರು ಬರೆದಾಗ ಅಂಗಡಿಯವರು ಹತ್ತೇ ದಿನದಲ್ಲಿ ಬದಲಿ ಚಕ್ರಗಳನ್ನು ಉಚಿತವಾಗಿ ಕಳುಹಿಸಿದರು, ಅದಕ್ಕೆ ನಾನು ಕೃತಜ್ಞಳು. ಅದೇ ಪತ್ರದಲ್ಲಿ ಕೇಳಿದ್ದ ಕೈಪಿಡಿಯ ತಿದ್ದುಪಡಿಗೆ ಮಾತ್ರ ಉತ್ತರ ಬಂದಿಲ್ಲ. ನಮ್ಮ ಪ್ರತಿಯಲ್ಲಿ ಮಕ್ಕಳೇ ಪುಟ ಪುಟ ಹುಡುಕಿ, ತಪ್ಪಿದ್ದಲ್ಲೆಲ್ಲ ‘ಶಕ್ತಿ’ಯನ್ನು ಹೊಡೆದುಹಾಕಿ ಕೆಂಪು ಶಾಯಿಯಲ್ಲಿ ‘ಬಲ’ ಎಂದು ಬರೆದಿದ್ದಾರೆ.