ಟ್ರಿಮ್ ಮೇಲೇಳದಿದ್ದರೆ ಪಂಪ್ ಬದಲಿಸುವ ಮುನ್ನ ಹಸಿರು ವೈರನ್ನೂ ಅಳೆಯಿರಿ

90 ಅಶ್ವಶಕ್ತಿಯ ಫೋರ್‌ಸ್ಟ್ರೋಕ್ ಔಟ್‌ಬೋರ್ಡ್. ದೋಣಿಯ ಹಿಂಬದಿಗೆ ಬಿಗಿಯುವ ಈ ಎಂಜಿನ್ನನ್ನು ಎಣ್ಣೆಯ ಒತ್ತಡದಿಂದ ಎತ್ತಿ ಇಳಿಸುವ ವ್ಯವಸ್ಥೆಯೇ ಟ್ರಿಮ್. ಅದರ ಬಟನ್ ಕೆಳಕ್ಕೆ ಒತ್ತಿದರೆ ಎಂಜಿನ್ ಇಳಿಯುತ್ತದೆ, ಮೇಲಕ್ಕೆ ಒತ್ತಿದರೆ ಸಣ್ಣದೊಂದು ಗುಂಯ್ ಸದ್ದು ಬಿಟ್ಟರೆ ಬೇರೇನಿಲ್ಲ. ರಿಪೇರಿಗೆ ಬಂದವರು ಬಟನ್ ಒತ್ತಿಸಿ, ಮೋಟರಿಗೆ ಹೋಗುವ ನೀಲಿ ವೈರಿಗೆ ಟೆಸ್ಟ್ ಲ್ಯಾಂಪ್ ಹಿಡಿದರು. ದೀಪ ಉರಿಯಿತು. "ಕರೆಂಟ್ ಬರ್ತಾ ಇದೆ, ಮೋಟರೇ ಹೋಗಿದೆ" ಎಂದು ತೀರ್ಮಾನವಾಯಿತು. ಮೋಟರ್, ಪಂಪ್, ಸಿಲಿಂಡರ್ ಎಲ್ಲ ಸೇರಿದ ಇಡೀ ಟ್ರಿಮ್ ಯೂನಿಟ್ ಬದಲಾಯಿತು. ಹಳೆಯದನ್ನು ಬಿಚ್ಚುವಾಗ ಎಂಜಿನ್‌ಗೆ ಸರಿಯಾದ ಆಸರೆ ಇರಲಿಲ್ಲ. ಅದು ಧೊಪ್ಪನೆ ಕುಸಿದು ಸ್ಟಿಯರಿಂಗ್ ಕೊಂಡಿ ಬಾಗಿತು. ಅಡಿಯಲ್ಲಿ ಯಾರ ಕೈಯೂ ಇರಲಿಲ್ಲ ಎಂಬುದೇ ದೊಡ್ಡ ಪುಣ್ಯ. ಹೊಸ ಯೂನಿಟ್ ಕೆಲವು ವಾರ ಚೆನ್ನಾಗಿ ಓಡಿತು. ಆಮೇಲೆ ಮತ್ತದೇ ಗುಂಯ್ ಸದ್ದು.

ನಿಜವಾದ ದೋಷ ಇದ್ದದ್ದು ಕೌಲಿಂಗ್ (ಎಂಜಿನ್ ಮೇಲಿನ ಮುಚ್ಚಳ) ಒಳಗಿನ ರಿಲೇಯಲ್ಲಿ (ಬಟನ್ನಿನ ಸಣ್ಣ ಕರೆಂಟಿನಿಂದ ಮೋಟರಿನ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್), ಅದೂ ಕೆಳಕ್ಕೆ ಇಳಿಸುವ ರಿಲೇಯ ನೆಗೆಟಿವ್ ಕಾಲಿನಲ್ಲಿ. ಅಲ್ಲಿ ಕಿಲುಬು ಹಿಡಿದಿತ್ತು. ಯೂನಿಟ್ ಬದಲಿಸುವಾಗ ವೈರಿಂಗನ್ನು ಎಳೆದಾಡಿ, ರಿಲೇಯನ್ನು ಕಿತ್ತು ಮತ್ತೆ ಚುಚ್ಚಿದ್ದರಿಂದ ಕಿಲುಬು ಸ್ವಲ್ಪ ಕೆರೆದುಹೋಗಿ ತಾತ್ಕಾಲಿಕವಾಗಿ ಸಂಪರ್ಕ ಸಿಕ್ಕಿತ್ತು, ಅಷ್ಟೇ.

ಮೇಲೆತ್ತುವ ಕೆಲಸವನ್ನು ಇಳಿಸುವ ರಿಲೇ ಹೇಗೆ ಕೆಡಿಸುತ್ತದೆ? ಇದು ತಿಳಿಯದೆ ಟ್ರಿಮ್ ರಿಪೇರಿಗೆ ಕೈ ಹಾಕಬಾರದು. ಎರಡು ವೈರಿನ ಟ್ರಿಮ್ ಮೋಟರಿಗೆ ತನ್ನದೇ ಆದ ಖಾಯಂ ನೆಗೆಟಿವ್ ವೈರ್ ಇರುವುದಿಲ್ಲ. ಬಹಳಷ್ಟು ಎಂಜಿನ್‌ಗಳಲ್ಲಿ ನೀಲಿ ವೈರ್ ಮೇಲೆತ್ತಲು, ಹಸಿರು ಇಳಿಸಲು. ಬಟನ್ ಒತ್ತದೆ ಇರುವಾಗ ಎರಡೂ ವೈರುಗಳು ತಮ್ಮ ತಮ್ಮ ರಿಲೇ ಮೂಲಕ ನೆಗೆಟಿವ್‌ಗೆ ಸೇರಿಕೊಂಡಿರುತ್ತವೆ. ಮೇಲಕ್ಕೆ ಒತ್ತಿದಾಗ ನೀಲಿಯ ರಿಲೇ ಮಾತ್ರ ಎಳೆದುಕೊಂಡು ಆ ವೈರಿಗೆ 12 ವೋಲ್ಟ್ ಕೊಡುತ್ತದೆ. ಆ ಕರೆಂಟ್ ಮೋಟರ್ ದಾಟಿ ವಾಪಸ್ ಹೋಗುವುದು ಹಸಿರು ವೈರ್ ಮತ್ತು ಸುಮ್ಮನೆ ಕೂತಿರುವ ಇಳಿಸುವ ರಿಲೇ ಮೂಲಕ. ಆ ದಾರಿ ಮುಚ್ಚಿದರೆ ನೀಲಿಯಲ್ಲಿ ಎಷ್ಟು ವೋಲ್ಟ್ ಇದ್ದರೂ ಮೋಟರ್ ತಿರುಗುವುದಿಲ್ಲ. ಟೆಸ್ಟ್ ಲ್ಯಾಂಪಿನ ಇನ್ನೊಂದು ತುದಿಯನ್ನು ಬ್ಯಾಟರಿಯ ನೆಗೆಟಿವ್‌ಗೆ ಕಚ್ಚಿಸಿದ್ದರಿಂದ ಅದು ಹಾಯಾಗಿ ಉರಿಯಿತು, ಎಲ್ಲರನ್ನೂ ದಾರಿ ತಪ್ಪಿಸಿತು.

ಆದ್ದರಿಂದ ಅಳೆಯಬೇಕಾದದ್ದು ಮಲ್ಟಿಮೀಟರಿನಲ್ಲಿ, ಮೋಟರಿನ ಪ್ಲಗ್ ಸೇರಿಸಿಯೇ, ಬಟನ್ ಮೇಲಕ್ಕೆ ಒತ್ತಿ ಹಿಡಿದಿರುವಾಗ. ಪ್ಲಗ್ ಬಿಚ್ಚಿ ಅಳೆದರೆ ಕರೆಂಟ್ ಹರಿಯುವುದಿಲ್ಲ, ಕಿಲುಬು ಹಿಡಿದ ಕಾಲೂ ಪೂರ್ತಿ 12 ವೋಲ್ಟ್ ತೋರಿಸುತ್ತದೆ. ಪ್ಲಗ್ಗಿನ ಹಿಂಬದಿಯಿಂದ ಸಣ್ಣ ಪಿನ್ ತೂರಿಸಿ, ಮೊದಲು ಬ್ಯಾಟರಿಯ ಎರಡು ಕಂಬಗಳ ನಡುವೆ, ಆಮೇಲೆ ನೀಲಿ ಮತ್ತು ಹಸಿರಿನ ನಡುವೆ ಅಳೆಯಿರಿ. ಮೇಲಿನ ಎಂಜಿನ್‌ನಂಥ ಪ್ರಕರಣದಲ್ಲಿ ಓದುವಿಕೆ ಹೀಗಿರುತ್ತದೆ: ಬ್ಯಾಟರಿಯಲ್ಲಿ 12.3, ನೀಲಿಯಿಂದ ಬ್ಯಾಟರಿ ನೆಗೆಟಿವ್‌ಗೆ 12.0, ಆದರೆ ನೀಲಿಯಿಂದ ಹಸಿರಿಗೆ ಬರೀ 3.6. ಉಳಿದ 8.4 ವೋಲ್ಟ್ ಎಲ್ಲಿ ಹೋಯಿತು? ಹಸಿರಿನಿಂದ ಬ್ಯಾಟರಿ ನೆಗೆಟಿವ್‌ಗೆ ಅಳೆದರೆ ಅಲ್ಲೇ ಸಿಗುತ್ತದೆ. ಆ ದಾರಿ ಸರಿಯಿದ್ದರೆ ಅಲ್ಲಿ ಅರ್ಧ ವೋಲ್ಟಿಗಿಂತ ಹೆಚ್ಚು ಕಾಣಬಾರದು. ಪಾಸಿಟಿವ್ ಕಡೆಗೂ ಇದೇ ಲೆಕ್ಕ: ಬ್ಯಾಟರಿ ಪಾಸಿಟಿವ್‌ನಿಂದ ನೀಲಿಗೆ ಅರ್ಧ ವೋಲ್ಟಿನೊಳಗಿರಬೇಕು. ಎರಡೂ ಕಡೆ ಸರಿಯಿದ್ದು, ಮೋಟರಿನ ಎರಡು ವೈರುಗಳ ನಡುವೆ 11 ವೋಲ್ಟಿಗೂ ಹೆಚ್ಚು ಬಂದು, ಆಗಲೂ ಅದು ತಿರುಗದಿದ್ದರೆ ಮಾತ್ರ ಮೋಟರನ್ನು ದೂರಿ. ಮೂರು ವೈರಿನ ಹಳೆಯ ಮೋಟರಿನಲ್ಲಿ ಕಪ್ಪು ವೈರ್ ಖಾಯಂ ನೆಗೆಟಿವ್. ಅಲ್ಲಿ ಹಸಿರಿನ ಬದಲು ಕಪ್ಪಿನ ಮೇಲೆ ಅಳೆಯಬೇಕು.

ಮೀಟರ್ ಇಲ್ಲದಿದ್ದರೂ ಒಂದು ಒಳ್ಳೆಯ ಪರೀಕ್ಷೆ ಉಂಟು. ಬಹುತೇಕ ಎಂಜಿನ್‌ಗಳಲ್ಲಿ ಎರಡೂ ರಿಲೇಗಳು ಒಂದೇ ಬಗೆಯವು. ಅದಲು ಬದಲು ಮಾಡಿ. ಮೇಲೇಳದೆ ಇದ್ದ ಎಂಜಿನ್ ಈಗ ಮೇಲೆದ್ದು, ಇಳಿಯಲು ಮುಷ್ಕರ ಹೂಡಿದರೆ ದೋಷ ರಿಲೇಯಲ್ಲಿದೆ. ಏನೂ ಬದಲಾಗದಿದ್ದರೆ ರಿಲೇ ಕೂರುವ ಸಾಕೆಟ್, ವೈರ್, ವೈರಿನ ತುದಿಗೆ ಒತ್ತಿ ಕೂರಿಸಿದ ಲಗ್‌ಗಳನ್ನು ನೋಡಿ. ಎರಡೂ ದಿಕ್ಕಿಗೆ ಕೆಲಸ ಮಾಡದೆ, ಕ್ಲಿಕ್ ಸದ್ದು ಮಾತ್ರ ಬರುತ್ತಿದ್ದರೆ ಎರಡಕ್ಕೂ ಸಾಮಾನ್ಯವಾದ ದಪ್ಪ ಪಾಸಿಟಿವ್ ಅಥವಾ ನೆಗೆಟಿವ್ ವೈರ್, ಇಲ್ಲವೇ ಸೊರಗಿದ ಬ್ಯಾಟರಿ. ಕ್ಲಿಕ್ ಕೂಡ ಇಲ್ಲದಿದ್ದರೆ ಫ್ಯೂಸ್, ಹ್ಯಾಂಡಲ್‌ನ ಬಟನ್, ಅಲ್ಲಿಂದ ಬರುವ ಸಣ್ಣ ವೈರುಗಳು. ಹ್ಯಾಂಡಲ್ ಬಾಗುವ ಜಾಗದಲ್ಲಿ ಆ ವೈರುಗಳು ಒಳಗೊಳಗೇ ತುಂಡಾಗುತ್ತವೆ. ಕೌಲಿಂಗ್ ಮೇಲೆ ಇನ್ನೊಂದು ಬಟನ್ ಇದ್ದರೆ ಅದನ್ನು ಒತ್ತಿ ನೋಡಿ. ಅಲ್ಲಿ ಕೆಲಸ ಮಾಡಿದರೆ ದೋಷ ಹ್ಯಾಂಡಲ್ ಕಡೆಯದು.

"ಕೆಳಗೆ ಇಳೀತದಲ್ಲ, ಹಾಗಾದ್ರೆ ಮೋಟರ್ ಸರಿಯಿದೆ" ಎಂದು ಕಣ್ಣುಮುಚ್ಚಿ ನಂಬುವುದೂ ತಪ್ಪು. ಇಳಿಯುವಾಗ ಎಂಜಿನ್‌ನ ತೂಕವೇ ಸಹಾಯ ಮಾಡುತ್ತದೆ, ಸೊರಗಿದ ಮೋಟರೂ ನಿಭಾಯಿಸುತ್ತದೆ. ಉಪ್ಪುನೀರಿನಲ್ಲಿ ಓಡುವ ಎಂಜಿನ್‌ಗಳಲ್ಲಿ ಮೋಟರಿನ ಉಕ್ಕಿನ ಕವಚಕ್ಕೆ ತುಕ್ಕು ಹಿಡಿದು, ಪೇಂಟ್ ಗುಳ್ಳೆ ಎದ್ದು, ಒಳಗೆ ನೀರಿಳಿದು ಬ್ರಷ್‌ಗಳು ಸಿಕ್ಕಿಹಾಕಿಕೊಳ್ಳುವುದು ತೀರಾ ಸಾಮಾನ್ಯ. ಅದಕ್ಕೇ ಊಹೆ ಬೇಡ, ಅಳತೆ ಬೇಕು.

ಮೋಟರ್ ಜೋರಾಗಿ ತಿರುಗುವ ಸದ್ದು ಕೇಳುತ್ತಿದ್ದು ಎಂಜಿನ್ ಮಾತ್ರ ಅಲುಗದಿದ್ದರೆ ವಿಷಯವೇ ಬೇರೆ. ಆಗ ವೈರಿಂಗ್ ಬಿಟ್ಟು ಎಣ್ಣೆಯ ಕಡೆ ಹೋಗಿ. ಮೊದಲು ನೋಡಬೇಕಾದದ್ದು ಎಣ್ಣೆಯ ಒತ್ತಡ ಬಿಡಲು ಕೈಯಿಂದ ತಿರುಗಿಸುವ ರಿಲೀಸ್ ವಾಲ್ವ್. ಎಂಜಿನ್ನನ್ನು ದೋಣಿಗೆ ಬಿಗಿಯುವ ಕ್ಲಾಂಪ್ ಬ್ರಾಕೆಟ್‌ನ ಪಕ್ಕದ ರಂಧ್ರದೊಳಗೆ ದೊಡ್ಡ ಸ್ಕ್ರೂ ತಲೆಯಂತೆ ಕಾಣುತ್ತದೆ. ಯಾರೋ ಸಡಿಲಿಸಿ ಪೂರ್ತಿ ಬಿಗಿ ಮಾಡದೆ ಬಿಟ್ಟಿದ್ದರೆ ಎಂಜಿನ್ ಮೇಲೇಳುವುದಿಲ್ಲ, ಎದ್ದರೂ ನಿಧಾನಕ್ಕೆ ಜಾರಿ ಇಳಿಯುತ್ತದೆ, ರಿವರ್ಸ್ ಹಾಕಿದಾಗ ಮೇಲಕ್ಕೆ ಎಗರುತ್ತದೆ. ಸ್ಕ್ರೂ ತಲೆಯ ಸೀಳು ಹಾಳಾಗದಂತೆ ಅಗಲವಾದ, ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ಬಳಸಿ. ಸಡಿಲಿಸುವಾಗ ಅದು ತಡೆದು ನಿಂತಲ್ಲಿಗೆ ನಿಲ್ಲಿಸಿ; ಬಲ ಹಾಕಿದರೆ ಒಳಗಿನ ಕ್ಲಿಪ್ ಮುರಿಯುತ್ತದೆ. ವಾಲ್ವ್ ಬಿಗಿಯಾಗಿದ್ದು ಎಣ್ಣೆಯೂ ತುಂಬಿದ್ದರೆ ಮೋಟರ್ ಮತ್ತು ಪಂಪ್ ನಡುವಿನ ಸಣ್ಣ ಕಪ್ಲಿಂಗ್ ಸವೆದಿರಬಹುದು, ಅಥವಾ ಎಣ್ಣೆಯನ್ನು ಒಂದೇ ದಿಕ್ಕಿಗೆ ಬಿಡುವ ಚೆಕ್ ವಾಲ್ವ್‌ನಲ್ಲಿ ಕಸ ಕೂತಿರಬಹುದು. ವಾಲ್ವ್ ಬಿಗಿ ಇದ್ದೂ ಎಂಜಿನ್ ರಾತ್ರಿಯಿಡೀ ಜಾರಿ ಇಳಿಯುತ್ತಿದ್ದರೆ ಪಿಸ್ಟನ್ ಸೀಲು, ಚೆಕ್ ವಾಲ್ವ್, ರಿಲೀಸ್ ವಾಲ್ವ್‌ನ ಓ-ರಿಂಗ್ ಇವುಗಳಲ್ಲಿ ಒಂದು. ಸೀಲಿಗಾಗಿ ಇಡೀ ಯೂನಿಟ್ ಬದಲಿಸಬೇಕಿಲ್ಲ, ಬಹಳಷ್ಟು ಮಾದರಿಗಳಿಗೆ ಸೀಲ್ ಕಿಟ್ ಸಿಗುತ್ತದೆ.

ಎಣ್ಣೆಯ ಮಟ್ಟ ನೋಡುವುದು ಎಂಜಿನ್ ಪೂರ್ತಿ ಮೇಲೆದ್ದು, ಟಿಲ್ಟ್ ಲಾಕ್ (ಎದ್ದ ಎಂಜಿನ್ ಬೀಳದಂತೆ ತಡೆಯುವ ಕೊಂಡಿ) ಹಾಕಿರುವಾಗ ಮಾತ್ರ. ಇಳಿದಿರುವಾಗ ಮುಚ್ಚಳ ತೆರೆದರೆ ಒತ್ತಡದಲ್ಲಿರುವ ಎಣ್ಣೆ ಮುಖಕ್ಕೆ ಚಿಮ್ಮುತ್ತದೆ. ಎಣ್ಣೆ ತೂತಿನ ಅಂಚಿಗೆ ಬರುವಷ್ಟಿರಬೇಕು. ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಮೇಲಿನಿಂದ ತುಂಬಿಸಿ ಪ್ರಯೋಜನವಿಲ್ಲ, ಪೂರ್ತಿ ಬದಲಿಸಿ, ನೀರು ಬಂದ ಸೀಲನ್ನು ಹುಡುಕಿ. ಯಾವ ಎಣ್ಣೆ ಎಂಬುದು ಎಂಜಿನ್‌ನ ಕೈಪಿಡಿಯಲ್ಲಿರುತ್ತದೆ. ಬ್ರೇಕ್ ಎಣ್ಣೆಯನ್ನು ಮಾತ್ರ ಯಾರು ಹೇಳಿದರೂ ಹಾಕಬೇಡಿ, ಒಳಗಿನ ಸೀಲುಗಳು ಊದಿ ಹಾಳಾಗುತ್ತವೆ. ತುಂಬಿದ ಮೇಲೆ ಮುಚ್ಚಳ ಹಾಕಿ, ಪೂರ್ತಿ ಮೇಲೆ, ಪೂರ್ತಿ ಕೆಳಗೆ ನಾಲ್ಕೈದು ಸಲ ಓಡಿಸಿ, ಒಂದೆರಡು ನಿಮಿಷ ಬಿಟ್ಟು ಮತ್ತೆ ಮಟ್ಟ ನೋಡಿ. ಒಳಗಿದ್ದ ಗಾಳಿ ಹೋದಂತೆ ಮಟ್ಟ ಇಳಿಯುತ್ತದೆ.

ಕೈಬೆರಳು ಹೋಗುವ ಕೆಲಸದ ಬಗ್ಗೆ ಗಟ್ಟಿಯಾಗಿ ಹೇಳಲೇಬೇಕು. 90 ಅಶ್ವಶಕ್ತಿಯ ಎಂಜಿನ್ 160 ಕಿಲೋ ಆಸುಪಾಸು ತೂಗುತ್ತದೆ. ರಿಲೀಸ್ ವಾಲ್ವ್ ಸಡಿಲಿಸಿದ ಕ್ಷಣ ಅದನ್ನು ಹಿಡಿದಿಡುವುದು ಏನೂ ಇರುವುದಿಲ್ಲ. ಎಂಜಿನ್ ಎದ್ದಿರುವಾಗ ವಾಲ್ವ್‌ಗೆ ಕೈ ಹಾಕುವ ಮುನ್ನ ಅದರ ತೂಕ ಪೂರ್ತಿ ಆಸರೆಯ ಮೇಲೆ ಕೂತಿರಲಿ. ಸಿಲಿಂಡರಿನ ಪಿನ್ ತೆಗೆಯುವುದಾದರೆ ಟಿಲ್ಟ್ ಲಾಕ್ ಒಂದನ್ನೇ ನಂಬಬೇಡಿ, ಎಂಜಿನ್ ಎತ್ತುವ ಕೊಂಡಿಗೆ ಚೈನ್ ಪುಲ್ಲಿ ಹಾಕಿ. ಬ್ಯಾಟರಿಯಿಂದ ಮೋಟರಿಗೆ ನೇರ ವೈರ್ ಕೊಟ್ಟು ಪರೀಕ್ಷಿಸುವುದಾದರೆ ಫ್ಯೂಸ್ ಇರುವ ದಪ್ಪ ವೈರ್ ಬಳಸಿ, ಪೆಟ್ರೋಲ್ ವಾಸನೆ ಇದ್ದರೆ ಕಿಡಿ ಹಾರುವ ಯಾವ ಕೆಲಸವನ್ನೂ ಮಾಡಬೇಡಿ.

ಬಟನ್ ಬಿಟ್ಟರೂ ಮೋಟರ್ ತಿರುಗುತ್ತಲೇ ಇದ್ದರೆ ರಿಲೇಯೊಳಗಿನ ಸಂಪರ್ಕ ಬಿಂದುಗಳು ಅಂಟಿಕೊಂಡಿರಬಹುದು. ಬಹಳಷ್ಟು ಎಂಜಿನ್‌ಗಳಲ್ಲಿ ಟ್ರಿಮ್‌ಗೆ ಕರೆಂಟ್ ನೇರ ಬ್ಯಾಟರಿಯಿಂದ ಬರುವುದರಿಂದ ಕೀ ತಿರುಗಿಸಿದರೆ ನಿಲ್ಲುವುದಿಲ್ಲ, ಬ್ಯಾಟರಿ ಸ್ವಿಚ್ಚನ್ನೇ ಆಫ್ ಮಾಡಬೇಕು.

ಕಿಲುಬು ಸಿಕ್ಕಿದರೆ ಉಪ್ಪುಕಾಗದದಿಂದ ಉಜ್ಜಿ ಮುಗಿಸಬೇಡಿ. ಲಗ್‌ನ ಹಿಂದೆ ವೈರಿನ ಹೊದಿಕೆಯನ್ನು ಒಂದಿಷ್ಟು ಸೀಳಿ ನೋಡಿ. ಒಳಗಿನ ತಾಮ್ರ ಕಪ್ಪಾಗಿದ್ದರೆ ಹೊಳೆಯುವ ತಾಮ್ರ ಸಿಗುವವರೆಗೂ ಕತ್ತರಿಸಿ, ತವರ ಲೇಪಿಸಿದ ಹೊಸ ಲಗ್ ಒತ್ತಿ ಕೂರಿಸಿ, ಒಳಗೆ ಅಂಟು ಬಳಿದ ಹೀಟ್ ಶ್ರಿಂಕ್ (ಕಾಯಿಸಿದರೆ ಕುಗ್ಗಿ ಬಿಗಿಯುವ ಕೊಳವೆ) ಹಾಕಿ. ಸಾಕೆಟ್‌ನೊಳಗಿನ ಕಾಲು ಕಂದಿದ್ದರೆ ಸಾಕೆಟ್ಟನ್ನೂ ಬದಲಿಸಿ. ರಿಲೇ ಚುಚ್ಚುವಾಗ ಸಿಲಿಕೋನ್ ಡೈಎಲೆಕ್ಟ್ರಿಕ್ ಗ್ರೀಸನ್ನು ತೆಳ್ಳಗೆ ಸವರಿ, ಆಮೇಲೆ ಬಟನ್ ಒತ್ತಿ ಹಿಡಿದು ಹಸಿರಿನಿಂದ ಬ್ಯಾಟರಿ ನೆಗೆಟಿವ್‌ಗೆ ಇನ್ನೊಮ್ಮೆ ಅಳೆಯಿರಿ.