ಎಳೆಯ ಟೆನಿಸ್ ಪ್ರತಿಭೆ: ರ‍್ಯಾಂಕಿಂಗ್ ನೋಡಬೇಕೋ, ಆಟ ನೋಡಬೇಕೋ?

ಹದಿಮೂರರ ಮಗಳ ಭವಿಷ್ಯವನ್ನು ರ‍್ಯಾಂಕಿಂಗ್‌ನಿಂದ ಅಳೆಯಬೇಕೋ, ಕೋಚ್‌ನ ಕಣ್ಣನ್ನು ನಂಬಬೇಕೋ ಎಂದು ತುಮಕೂರಿನ ತಂದೆಯೊಬ್ಬರು ಕೇಳಿದ್ದಾರೆ.

ಖರ್ಚಿನಲ್ಲಿ ಎರಡನೆಯದೇ ಹಗುರ. ರ‍್ಯಾಂಕಿಂಗ್‌ನ ಅಂಕ ಗಳಿಸಲು ಟೂರ್ನಿಗಳಿಗಾಗಿ ಊರೂರು ತಿರುಗಬೇಕಾಗಿರುವುದರಿಂದ, ಕೆಳಗಿನ ಸ್ಥಾನವು ಎಷ್ಟೋ ಸಲ ಸಾಮರ್ಥ್ಯಕ್ಕಿಂತ ಅಪ್ಪನ ಜೇಬನ್ನೇ ತೋರಿಸುತ್ತದೆ.

ನಿಷ್ಪಕ್ಷಪಾತದಲ್ಲಿ ರ‍್ಯಾಂಕಿಂಗ್ ಮೇಲು. ತಿಂಗಳ ಶುಲ್ಕ ಪಡೆಯುವ ಕೋಚ್ ಹೊಗಳದೆ ಇರುವುದು ಕಷ್ಟ.

ಮುಂದಿನದನ್ನು ಹೇಳುವುದರಲ್ಲಿ ಮಾತ್ರ ಅಂಕಿಗಳು ಸೋಲುತ್ತವೆ. ಈ ವಯಸ್ಸಿನಲ್ಲಿ ಬೇಗ ಎತ್ತರ ಬೆಳೆದವರೂ ಚೆಂಡನ್ನು ಸುಮ್ಮನೆ ಎತ್ತಿ ಎತ್ತಿ ಹಾಕುವವರೂ ಗೆಲ್ಲುತ್ತಾರೆ. ಸ್ಕೋರ್ 30-40 ಇದ್ದಾಗ, ಅಂದರೆ ಇನ್ನೊಂದು ಅಂಕ ಹೋದರೆ ಗೇಮೇ ಕೈತಪ್ಪುವಾಗ, ಅವಳು ಎರಡನೆಯ (ಕೊನೆಯ ಅವಕಾಶದ) ಸರ್ವನ್ನು ಪೂರ್ತಿ ತೋಳು ಬೀಸಿ ಹೊಡೆಯುತ್ತಾಳೋ, ಹೆದರಿ ತಳ್ಳುತ್ತಾಳೋ ಎಂಬುದು ಯಾವ ಪಟ್ಟಿಯಲ್ಲೂ ಇರುವುದಿಲ್ಲ. 2009ರಲ್ಲಿ ಆಸ್ಟ್ರೇಲಿಯನ್ ಓಪನ್ ಜೂನಿಯರ್ ಪ್ರಶಸ್ತಿ ಗೆದ್ದ ಯೂಕಿ ಭಾಂಬ್ರಿಯವರನ್ನು ಗಾಯಗಳು ಪದೇ ಪದೇ ತಡೆದವು. ಕೊಡಗಿನ ರೋಹನ್ ಬೋಪಣ್ಣ ಡಬಲ್ಸ್‌ನಲ್ಲಿ ವಿಶ್ವದ ಮೊದಲ ಸ್ಥಾನಕ್ಕೇರಿದ್ದು 2024ರಲ್ಲಿ, 43ರ ವಯಸ್ಸಿನಲ್ಲಿ.

ಪ್ರಾಯೋಜಕರನ್ನು ಹುಡುಕುವವರಿಗೆ ಅಥವಾ ದೊಡ್ಡ ಟೂರ್ನಿಗಳಲ್ಲಿ ಪ್ರವೇಶ ಬೇಕಾದವರಿಗೆ ರ‍್ಯಾಂಕಿಂಗ್ ಅನಿವಾರ್ಯ. ಶಾಲೆ ಬಿಡಿಸಿ ಬೆಂಗಳೂರಿಗೆ ಮನೆ ಬದಲಿಸುವ ಯೋಚನೆಯಿದ್ದರೆ, ಶುಲ್ಕದ ಹಂಗಿಲ್ಲದ ಹೊರಗಿನ ಕೋಚ್‌ಗೆ ಅವಳು ಸೋತ ಎರಡು ಪಂದ್ಯಗಳನ್ನು ತೋರಿಸಿ ಕೇಳುವುದು ಲೇಸು.