ತೊಗರಿ ದರದ ಪುಟದಿಂದ ಪಿಡಿಎಫ್: ಪಪೆಟಿಯರ್ ಬಳಸಿ ನೋಡಿದ ಮೇಲೆ

ಕಲಬುರಗಿಯ ನೆಹರು ಗಂಜ್‌ನ ಅಡತಿ ಅಂಗಡಿಯೊಂದಕ್ಕೆ ನಾನು ಮಾಡಿಕೊಟ್ಟಿರುವ ವೆಬ್ ಪುಟದಲ್ಲಿ ಆಯಾ ದಿನದ ತೊಗರಿ, ಕಡಲೆ, ಹೆಸರಿನ ಆವಕ, ಕ್ವಿಂಟಲ್ ದರ ಮತ್ತು ತಿಂಗಳ ಏರಿಳಿತದ ನಕ್ಷೆ ಇರುತ್ತವೆ. ಸಂಜೆ ಅದೇ ಪುಟ ಪಿಡಿಎಫ್ ಆಗಿ ರೈತರ ವಾಟ್ಸ್ಆ್ಯಪ್‌ಗೆ ಹೋಗಬೇಕೆಂಬುದು ಸಾಹುಕಾರರ ಬೇಡಿಕೆ. ಅಂಕಿಗಳನ್ನೆಲ್ಲ ಜಾವಾಸ್ಕ್ರಿಪ್ಟ್ ಆಮೇಲೆ ತಂದು ತುಂಬುವುದರಿಂದ, ಹಳೆಯ ವೆಬ್‌ಕಿಟ್ ಬ್ರೌಸರ್ ಎಂಜಿನ್ ನಂಬಿಕೊಂಡಿರುವ, 2023ರಲ್ಲಿ ಅಭಿವೃದ್ಧಿ ನಿಂತು ಆರ್ಕೈವ್ ಆಗಿಹೋದ ಡಬ್ಲ್ಯೂಕೆಎಚ್‌ಟಿಎಂಎಲ್‌ಟುಪಿಡಿಎಫ್ ಎಂಬ ಪಿಡಿಎಫ್ ಸಾಧನ ಇದಕ್ಕೆ ಸಾಲದು. ಹೀಗಾಗಿ, ಕ್ರೋಮ್ ತಂಡ 2017ರಲ್ಲಿ ಹೊರತಂದ, ಕೋಡ್ ಮೂಲಕ ಬ್ರೌಸರ್ ನಡೆಸುವ ಪಪೆಟಿಯರ್ ಅನ್ನು ಆರು ತಿಂಗಳಿನಿಂದ ಬಳಸುತ್ತಿದ್ದೇನೆ.

ಇದು ಪರದೆಯಿಲ್ಲದ ನಿಜವಾದ ಕ್ರೋಮ್ ಅನ್ನೇ ಓಡಿಸುತ್ತದೆ. ಆದ್ದರಿಂದ ಫ್ಲೆಕ್ಸ್, ಗ್ರಿಡ್ ಮುಂತಾದ ವಿನ್ಯಾಸಗಳು ಕೆಡುವುದಿಲ್ಲ, ಎಸ್‌ವಿಜಿ ನಕ್ಷೆಗಳು ಎಷ್ಟು ಹಿಗ್ಗಿಸಿದರೂ ಮಸುಕಾಗುವುದಿಲ್ಲ, ಉದ್ದದ ಕೋಷ್ಟಕದ ತಲೆಸಾಲು ಪ್ರತಿ ಹಾಳೆಯಲ್ಲೂ ತಾನಾಗಿ ಮರುಕಳಿಸುತ್ತದೆ. ಒಂದು ಸಾಲು ಎರಡು ಹಾಳೆಗಳ ನಡುವೆ ಸೀಳದಂತೆ ತಡೆಯಲು, ಪುಟದ ರೂಪ ನಿರ್ಧರಿಸುವ ಸಿಎಸ್‌ಎಸ್‌ನಲ್ಲಿ ಬ್ರೇಕ್-ಇನ್‌ಸೈಡ್ ಸೂಚನೆ ಕೊಟ್ಟರೆ ಸಾಕು. ಆದರೆ ಕಾಗದದ ಅಳತೆಯನ್ನು ನಾವು ಹೇಳದಿದ್ದರೆ ಎ4 ಬದಲು ಅಮೆರಿಕದ ಲೆಟರ್ ಅಳತೆ ಬರುತ್ತದೆ. ಪ್ರಿಂಟ್‌ಬ್ಯಾಕ್‌ಗ್ರೌಂಡ್ ಆಯ್ಕೆಯನ್ನು ಮರೆತರೆ ಹಿನ್ನೆಲೆಯ ಬಣ್ಣಗಳೆಲ್ಲ ಮಾಯವಾಗುತ್ತವೆ.

ನಿಜವಾದ ತೊಡಕು ಇರುವುದು ಕಾಯುವುದರಲ್ಲಿ. ಮೊದಲ ವಾರ ಸಾಹುಕಾರರು ಫೋನ್ ಮಾಡಿ, “ಯಾಕ್ರಿ, ತೊಗರಿ ದರ ಅರ್ಧಕ್ಕ ಬಂತೇನ್ರಿ?” ಎಂದು ಗಾಬರಿಯಿಂದ ಕೇಳಿದರು. ಕೆಳಗಿನಿಂದ ಮೇಲಕ್ಕೆ ಬೆಳೆಯುವ ಕಂಬಗಳ ಆ ನಕ್ಷೆ ಪೂರ್ತಿ ಏರುವ ಮೊದಲೇ ಪಿಡಿಎಫ್ ತಯಾರಾಗಿತ್ತು. ಮುದ್ರಣದ ವೇಳೆ ಅನಿಮೇಶನ್ ನಿಲ್ಲಿಸದಿದ್ದದ್ದು ನನ್ನದೇ ತಪ್ಪು. ಅರ್ಧ ಸೆಕೆಂಡ್ ಕಾಲ ಪುಟ ಜಾಲದಿಂದ ಏನನ್ನೂ ತರಿಸಿಕೊಳ್ಳದಿದ್ದರೆ ಪುಟ ಸಿದ್ಧವೆಂದು ಬಗೆಯುವ ‘ನೆಟ್‌ವರ್ಕ್‌ಐಡಲ್0’ ಆಯ್ಕೆಯೂ ನನಗೆ ನೆರವಾಗಲಿಲ್ಲ. ಹೊಸ ದರಕ್ಕಾಗಿ ಸರ್ವರ್ ಜೊತೆಗಿನ ಸಂಪರ್ಕವನ್ನು ತೆರೆದೇ ಇಟ್ಟುಕೊಳ್ಳುವ ಪುಟದಲ್ಲಿ ಆ ನಿಶ್ಶಬ್ದ ಬರುವುದೇ ಇಲ್ಲ, 30 ಸೆಕೆಂಡ್ ಕಳೆದು ದೋಷದ ಸಂದೇಶವಷ್ಟೇ ಬರುತ್ತದೆ. ಕೊನೆಗೆ ನಕ್ಷೆ ಮುಗಿದು ಅಂಕಿಗಳು ತುಂಬಿದ ಮೇಲೆ ಪುಟವೇ ‘ಸಿದ್ಧ’ ಎಂಬ ಗುರುತು ಹಾಕುವಂತೆ ಬರೆದು, ವೇಟ್‌ಫಾರ್‌ಫಂಕ್ಷನ್ ಮೂಲಕ ಅದಕ್ಕಾಗಿ ಕಾಯುವಂತೆ ಮಾಡಿದೆ. ಇಂತಿಷ್ಟು ಸೆಕೆಂಡ್ ಸುಮ್ಮನೆ ತಡೆಯುವುದಕ್ಕಿಂತ ಇದು ಎಷ್ಟೋ ವಾಸಿ.

ಕನ್ನಡದವರು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ನನ್ನ ಲ್ಯಾಪ್‌ಟಾಪಿನಲ್ಲಿ ಸರಿಯಾಗಿದ್ದ ‘ತೊಗರಿ’ ಸರ್ವರ್‌ನಲ್ಲಿ ಖಾಲಿ ಚೌಕಗಳ ಸಾಲಾಗಿತ್ತು, ಏಕೆಂದರೆ ಆ ಲಿನಕ್ಸ್ ಯಂತ್ರದಲ್ಲಿ ಕನ್ನಡದ ಒಂದು ಫಾಂಟೂ ಇರಲಿಲ್ಲ. ನೋಟೊ ಸಾನ್ಸ್ ಕನ್ನಡ ಹಾಕಿದ ಕೂಡಲೇ ಒತ್ತಕ್ಷರಗಳೂ ಸರಿಯಾಗಿ ಕೂತವು.

ಹಾಳೆಯ ಮೇಲ್ಬರಹ ಮತ್ತು ಅಡಿಬರಹಗಳಿಗೆ ಪುಟದ ಸಿಎಸ್‌ಎಸ್ ತಾಗುವುದಿಲ್ಲವಾದ್ದರಿಂದ ಅವುಗಳ ಅಕ್ಷರದ ಗಾತ್ರವನ್ನು ಅಲ್ಲೇ ಬೇರೆಯಾಗಿ ಬರೆಯಬೇಕಾಗುವುದು ಕಿರಿಕಿರಿಯೇ ಸರಿ. ಅಗ್ಗದ ಸರ್ವರ್ ಇಟ್ಟುಕೊಂಡವರು ಕ್ರೋಮ್ ನುಂಗುವ ಮೆಮೊರಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕೆಲಸ ನಡುವೆ ಮುರಿದುಬಿದ್ದರೂ ಬ್ರೌಸರ್ ಮುಚ್ಚುವಂತೆ ಕೋಡ್ ಬರೆಯದಿದ್ದರೆ ಹಿಂದಿನ ದಿನಗಳ ಕ್ರೋಮ್‌ಗಳು ಹಿನ್ನೆಲೆಯಲ್ಲಿ ಹಾಗೇ ಉಳಿದುಬಿಡುತ್ತವೆ. ನನ್ನ ಸರ್ವರ್‌ನಲ್ಲಿ ಒಮ್ಮೆ ಅಂಥವು ಹನ್ನೊಂದು ಸಿಕ್ಕಿದ್ದವು.